ಬಳಸುವ ಮುನ್ನ ಓದಿ: ಚೆನ್ನೈ ಕಡಲಿನ ಕೈಪಿಡಿ

ಮಿಕ್ಸಿ ಕೊಂಡರೆ ಡಬ್ಬದೊಳಗೆ ಒಂದು ಪುಸ್ತಕ ಬರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಜಾರು ಸಿಕ್ಕಿಹಾಕಿಕೊಂಡ ದಿನ ಮನೆಯೆಲ್ಲ ಹುಡುಕುತ್ತಾರೆ, ಆ ದಿನವೇ ಅದು ಸಿಗುವುದಿಲ್ಲ. ಕಡಲಿಗೆ ಅಷ್ಟರಮಟ್ಟಿಗಿನ ಪುಸ್ತಕವೂ ಇಲ್ಲ. ಉಡುಪಿ ಕಡೆಯಿಂದ ಬಂದು ತಿರುವಲ್ಲಿಕೇಣಿಯಲ್ಲಿ ಬಾಡಿಗೆ ಮನೆ ಹಿಡಿದು ನನಗೆ ಇಪ್ಪತ್ತು ವರ್ಷ ದಾಟಿತು. ಮನೆಯಿಂದ ಮರೀನಾ ಕಾಲ್ನಡಿಗೆಯ ದೂರ. ಈ ಒಂದು ಕಾರಣಕ್ಕೆ ನನ್ನ ಬಂಧುಬಳಗ ಲೆಕ್ಕಕ್ಕಿಂತ ಹೆಚ್ಚಾಗಿದೆ. ಬೇಸಗೆ ರಜೆಗೆ ಬೆಂಗಳೂರಿನವರು, ದಸರೆಗೆ ಮೈಸೂರಿನವರು, ಕಣ್ಣಿನ ಆಪರೇಷನ್ನಿಗೆ ಊರಿನವರು. ಎಲ್ಲರೂ ಚೀಲ ಇಳಿಸಿ ಕಾಫಿ ಕುಡಿದು ಕೇಳುವುದು ಒಂದೇ ಮಾತು: "ಬೀಚಿಗೆ ಯಾವಾಗ?" ಎಲ್ಲರೂ ಮಾಡುವುದು ಅವೇ ತಪ್ಪುಗಳನ್ನು, ಅದೂ ಅದೇ ಕ್ರಮದಲ್ಲಿ. ಬಾಯಲ್ಲಿ ಹೇಳಿ ಹೇಳಿ ಗಂಟಲು ಸೋತು ಈಗ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಬರುವವರಿಗೆ ಕಾಫಿಯ ಜೊತೆ ಇದನ್ನೂ ಕೊಡಲಾಗುವುದು.

ಮಾದರಿ: ಬಂಗಾಳ ಕೊಲ್ಲಿ, ಪೂರ್ವಮುಖ. ಅರಬ್ಬಿ ಸಮುದ್ರದ ಬಿಡಿಭಾಗಗಳು ಇದಕ್ಕೆ ಕೂರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ಯಂತ್ರ ವಿಪರೀತ ಬಿಸಿಯಾಗುತ್ತದೆ, ಅದು ದೋಷವಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನೀರು ಮೇಲಿನಿಂದಲೂ ಬರಬಹುದು.

ದಿಕ್ಕು ಹೊಂದಿಸುವುದು

ಮೊದಲ ತಪ್ಪು ಇಲ್ಲೇ. ಪಡುವಣ ಕಡಲಿನ ದಂಡೆಯಲ್ಲಿ ಹುಟ್ಟಿದವರಿಗೆ ಕಡಲು ಎಂದರೆ ಸೂರ್ಯ ಮುಳುಗುವ ಜಾಗ. ಮಲ್ಪೆಯಲ್ಲಿ, ಮರವಂತೆಯಲ್ಲಿ, ಗೋಕರ್ಣದಲ್ಲಿ ಸಂಜೆ ಆರಕ್ಕೆ ಜನ ಸೇರುವುದು ಅದಕ್ಕೇ. ಬೆಂಗಳೂರಿನವರು ಕಡಲು ನೋಡಿದ್ದೂ ಬಹುಮಟ್ಟಿಗೆ ಅಲ್ಲೇ, ಇಲ್ಲವೆ ಗೋವಾದಲ್ಲಿ. ಹಾಗಾಗಿ ಎಲ್ಲರೂ ಕ್ಯಾಮೆರಾ ಹಿಡಿದು ಮರೀನಾದಲ್ಲಿ ಪೂರ್ವಕ್ಕೆ ಮುಖಮಾಡಿ ಕಾಯುತ್ತಾರೆ.

ನನ್ನ ಭಾವ ಕುಂದಾಪುರದವರು. ಕೋಡಿಯಲ್ಲಿ ಮನೆ, ಕಡಲು ಅವರ ಹಿತ್ತಿಲು. ಮೊದಲ ಸಲ ಬಂದಾಗ ನಲವತ್ತು ನಿಮಿಷ ನೀರಿನ ಮೇಲೇ ಕಣ್ಣಿಟ್ಟು ನಿಂತರು. ಬೆಳಕು ಇಳಿಯುತ್ತಿದೆ, ನೀರು ಕಪ್ಪಾಗುತ್ತಿದೆ, ಆಕಾಶದಲ್ಲಿ ಏನೂ ಇಲ್ಲ.

"ಸೂರ್ಯ ಎಲ್ಲಿತ್ತ್ ಮಾರಾಯಾ?"

"ನಿಮ್ಮ ಹಿಂದೆ, ಭಾವ."

ತಿರುಗಿ ನೋಡಿದರು. ಪ್ರೆಸಿಡೆನ್ಸಿ ಕಾಲೇಜಿನ ಗುಮ್ಮಟದಾಚೆ, ತಿರುವಲ್ಲಿಕೇಣಿಯ ನೀರಿನ ಟ್ಯಾಂಕುಗಳ ನಡುವೆ ಒಂದು ಕೆಂಪು ಚೂರು ಉಳಿದಿತ್ತು. ಭಾವನ ಮುಖ ನೋಡಲಾಗಲಿಲ್ಲ. "ಸೂರ್ಯ ಮನಿ ಹಿಂದ್ ಕಂತುದ್ ಕಾಂಬುಕೆ ಇಲ್ಲಿವರಿಗ್ ಬರ್ಕಿತ್ತಾ?" ಎಂದು ಕೇಳಿ, ಮನೆ ತಲುಪುವ ತನಕ ಮಾತಾಡಲಿಲ್ಲ.

ಸರಿಪಡಿಸುವ ವಿಧಾನ: ಸೂರ್ಯ ಬೇಕಿದ್ದರೆ ಬೆಳಿಗ್ಗೆ ಐದೂವರೆಗೆ ಏಳಿ. ಏಳಲಾಗದವರು ಸಂಜೆ ಬಂದು ಸೂರ್ಯನ ವಿಷಯ ಎತ್ತದೆ ಇರಿ.

ತಲುಪುವುದು

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ರೈಲಿನಲ್ಲಿ ಬಂದು ಸೆಂಟ್ರಲ್‌ನಲ್ಲಿ ಇಳಿಯುತ್ತೀರಿ. ಎದುರಿಗೇ ಪಾರ್ಕ್ ಟೌನ್ ನಿಲ್ದಾಣ. ಅಲ್ಲಿ ಒಂದು ರೈಲಿನ ಮೇಲೆ "ಬೀಚ್" ಎಂದು ಬರೆದಿರುತ್ತದೆ, ಇನ್ನೊಂದರ ಮೇಲೆ "ವೇಳಚ್ಚೇರಿ". ಓದಲು ಬರುವವರೆಲ್ಲ "ಬೀಚ್" ಎಂದಿರುವುದನ್ನು ಹತ್ತುತ್ತಾರೆ. ಹತ್ತಬೇಡಿ. ಚೆನ್ನೈ ಬೀಚ್ ನಿಲ್ದಾಣದಲ್ಲಿ ಬೀಚ್ ಇಲ್ಲ. ಬಂದರಿನ ಕಾಂಪೌಂಡು ಇದೆ, ಲಾರಿಗಳಿವೆ, ಒಳ್ಳೆಯ ಟೀ ಸಿಗುತ್ತದೆ. ಒಂದು ಕಾಲದಲ್ಲಿ ಅಲೆ ಬಂದು ತಾಗುತ್ತಿದ್ದ ದಂಡೆ ಅದು. ಬಂದರು ಬೆಳೆದು ದಂಡೆ ಹೋಯಿತು, ಹೆಸರು ಉಳಿಯಿತು. ದಕ್ಷಿಣ ಭಾರತದ ಮೊದಲ ವಿದ್ಯುತ್ ರೈಲು 1931ರಲ್ಲಿ ಈ ನಿಲ್ದಾಣದಿಂದಲೇ ತಾಂಬರಂಗೆ ಓಡಿತು. ಈ ಮಾಹಿತಿಯನ್ನು ಅಲ್ಲಿ ತಪ್ಪಿ ಇಳಿದವರಿಗೆ ಸಮಾಧಾನಕ್ಕೆಂದು ಕೊಡುತ್ತೇನೆ. ಇದುವರೆಗೆ ಯಾರಿಗೂ ಸಮಾಧಾನವಾಗಿಲ್ಲ.

ಹತ್ತಬೇಕಾದದ್ದು ವೇಳಚ್ಚೇರಿಯ ರೈಲು. ಇಳಿಯಬೇಕಾದದ್ದು ಚೇಪಾಕ್‌ನಲ್ಲಿ ಅಥವಾ ತಿರುವಲ್ಲಿಕೇಣಿಯಲ್ಲಿ. "ಲೈಟ್ ಹೌಸ್" ಎಂಬ ನಿಲ್ದಾಣವೂ ಇದೆ. ದೀಪಸ್ತಂಭ ಅದರ ಪಕ್ಕದಲ್ಲೇ ಇರುತ್ತದೆಂದು ತಿಳಿಯಬೇಡಿ. ಈ ರೈಲುಮಾರ್ಗದವರಿಗೆ ಹೆಸರಿಡುವಾಗ ಕಡಲ ಮೇಲೆ ಸ್ವಲ್ಪ ಮೋಹ ಜಾಸ್ತಿ.

ಮರಳು ದಾಟುವುದು

ಕಾಮರಾಜರ್ ಸಾಲೈಯ ಕಾಲುದಾರಿಯಿಂದ ಇಳಿದ ಕೂಡಲೇ ಮಕ್ಕಳು ಕೂಗುತ್ತಾ ಓಡುತ್ತಾರೆ. ಓಡಲು ಬಿಡಿ. ನೂರು ಹೆಜ್ಜೆಗೆ ತಾವಾಗಿ ನಿಲ್ಲುತ್ತಾರೆ. ರಸ್ತೆಯಿಂದ ನೀರಿಗೆ ಸುಮಾರು 300 ಮೀಟರ್ ಮರಳು. ಮಲ್ಪೆಯಲ್ಲಿ ಕಾರಿನ ಬಾಗಿಲು ತೆಗೆದರೆ ಅಲೆಯ ಸದ್ದು. ಇಲ್ಲಿ ಅರ್ಧ ದಾರಿ ನಡೆದ ಮೇಲೂ ಕೇಳಿಸುವುದು ಹಿಂದಿನ ರಸ್ತೆಯ ಬಸ್ಸಿನ ಹಾರನ್ನೇ. ಚಪ್ಪಲಿ ಕೈಯಲ್ಲಿ ಹಿಡಿಯಿರಿ. ನಾಲ್ಕು ಗಂಟೆಗೆ ಮುಂಚೆ ಬಂದಿದ್ದರೆ ಹಿಡಿಯಬೇಡಿ, ಅಂಗಾಲು ದೋಸೆಕಲ್ಲಿಗಿಟ್ಟಂತೆ ಆಗುತ್ತದೆ.

ಇಷ್ಟು ಮರಳು ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕೇಳಲಿ ಎಂದು ಕಾಯುತ್ತಲೇ ಇದ್ದೇನೆ. ಕೈಪಿಡಿ ನನ್ನದೇ ಆದ್ದರಿಂದ ಕೇಳದಿದ್ದರೂ ಹೇಳುತ್ತೇನೆ.

ಮದರಾಸಿಗೆ ಬಂದರೇ ಇರಲಿಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕುತ್ತಿದ್ದವು. ಗವರ್ನರನಾದರೂ ಸರಿ, ಗುಮಾಸ್ತನಾದರೂ ಸರಿ, ಮಸೂಲಾ ದೋಣಿ ಹತ್ತಿ ಅಲೆಯ ಹೊಡೆತ ತಿಂದು ಒದ್ದೆಯಾಗಿಯೇ ಊರಿಗೆ ಕಾಲಿಡಬೇಕಿತ್ತು. ಆ ದೋಣಿಗೆ ಮೊಳೆ ಇಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರುತ್ತಿದ್ದರು, ಅಲೆ ಹೊಡೆದರೆ ಮುರಿಯದೆ ಬಳುಕಲಿ ಎಂದು. 1870ರ ದಶಕದಲ್ಲಿ ಇಂಗ್ಲಿಷರು ಕಡಲೊಳಗೆ ಕಲ್ಲಿನ ತೋಳು ಚಾಚಿ ಬಂದರು ಕಟ್ಟತೊಡಗಿದರು. 1881ರ ಚಂಡಮಾರುತ ಆ ತೋಳುಗಳನ್ನು ಮುರಿಯಿತು. ಮತ್ತೆ ಕಟ್ಟಿದರು.

ಆಗ ಒಂದು ವಿಚಿತ್ರ ನಡೆಯಿತು. ಈ ಕರಾವಳಿಯಲ್ಲಿ ಮರಳು ಸುಮ್ಮನೆ ಕೂರುವ ವಸ್ತುವಲ್ಲ. ವರ್ಷದ ಹೆಚ್ಚಿನ ತಿಂಗಳು ನೀರು ದಂಡೆಗುಂಟ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಅದಕ್ಕೆ ಇಲ್ಲಿಯ ಮೀನುಗಾರರು ತೆಂಡಿ ಎನ್ನುತ್ತಾರೆ. ಹಿಂಗಾರಿನ ತಿಂಗಳುಗಳಲ್ಲಿ ಅದು ತಿರುಗಿ ಉತ್ತರದಿಂದ ದಕ್ಷಿಣಕ್ಕೆ ಬಂದಾಗ ವನ್ನಿ. ಹೋಗುವುದು ಹೆಚ್ಚು, ಬರುವುದು ಕಡಿಮೆ. ಲೆಕ್ಕ ಹಾಕಿದರೆ ಪ್ರತಿ ವರ್ಷ ಮರಳಿನ ಒಂದು ದೊಡ್ಡ ಮೆರವಣಿಗೆ ಉತ್ತರಕ್ಕೆ ಸಾಗುತ್ತಲೇ ಇರುತ್ತದೆ. ನಮ್ಮ ಹೊಳೆಗಳಿಗೆ ಬೇಸಗೆಯಲ್ಲಿ ಕಟ್ಟ ಹಾಕುತ್ತಾರಲ್ಲ, ಹಾಗೆ ಬಂದರಿನ ಗೋಡೆ ಈ ಮೆರವಣಿಗೆಗೆ ಅಡ್ಡ ನಿಂತಿತು. ಗೋಡೆಯ ದಕ್ಷಿಣಕ್ಕೆ ಮರಳು ಸೇರುತ್ತಾ ಹೋಗಿ ಕಡಲು ಹಿಂದೆ ಸರಿಯಿತು. ಅದು ಮರೀನಾ. ಗೋಡೆಯ ಉತ್ತರಕ್ಕೆ ಮರಳು ಬರುವುದೇ ನಿಂತಿತು, ಕೊಚ್ಚಿಹೋಗುವುದು ನಿಲ್ಲಲಿಲ್ಲ. ಅದು ರಾಯಪುರಂ, ತಿರುವೊಟ್ರಿಯೂರು. ಅಲ್ಲಿ ಮನೆಗಳು, ಬೀದಿಗಳು ಕಡಲಿಗೆ ಹೋದವು. ಈಗ ಬಂಡೆಗಳನ್ನು ಗುಡ್ಡೆ ಹಾಕಿ ಉಳಿದದ್ದನ್ನು ಕಾಯುತ್ತಿದ್ದಾರೆ. ಉಳ್ಳಾಲದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಜಮಖಾನೆ ಹಾಸುವ ಮೊದಲು ತಿಳಿದಿರಲಿ: ನೀವು ಕೂರುತ್ತಿರುವುದು ತಿರುವೊಟ್ರಿಯೂರಿಗೆ ಸೇರಬೇಕಿದ್ದ ಮರಳಿನ ಮೇಲೆ. ಇದನ್ನು ಹೇಳಿದಾಗಲೆಲ್ಲ ಅತ್ತಿಗೆ "ನೆಮ್ಮದಿಯಾಗಿ ಕೂರಲೂ ಬಿಡುವುದಿಲ್ಲ" ಎನ್ನುತ್ತಾರೆ. ಸರಿ, ನೆಮ್ಮದಿಯ ಭಾಗ: ಹೀಗೆ ಬಿಟ್ಟಿ ಸಿಕ್ಕ ದಂಡೆಯನ್ನು ಕಂಡ ಗವರ್ನರ್ ಗ್ರಾಂಟ್ ಡಫ್ ಸಾಹೇಬರಿಗೆ ಸಿಸಿಲಿ ನೆನಪಾಯಿತು. 1880ರ ದಶಕದಲ್ಲಿ ಉದ್ದಕ್ಕೂ ವಿಹಾರದ ದಾರಿ ಮಾಡಿಸಿ ಮರೀನಾ ಎಂದು ಇಟಲಿಯ ಹೆಸರಿಟ್ಟರು. ತುಂಬಾ ಹಿಂದಿನ ಮಾತೇನಲ್ಲ. ನಮ್ಮ ಮನೆಯ ಹಿಂದಿನ ಪಾರ್ಥಸಾರಥಿ ಗುಡಿಯ ಎದುರು ಈ ಮರೀನಾ ಇನ್ನೂ ಎಳೆ ಮಗು.

ಮೊಣಕಾಲು ನೋವಿನವರಿಗೆ, ಗಾಲಿಕುರ್ಚಿಯವರಿಗೆ: ನೀರಿನ ಹತ್ತಿರದವರೆಗೆ ಮರದ ದಾರಿಯೊಂದಿದೆ. 2022ರ ನವೆಂಬರ್ 27ರಂದು ತೆರೆದರು. ಎರಡು ವಾರದೊಳಗೆ ಮಾಂಡಸ್ ಚಂಡಮಾರುತ ಬಂದು ಅದರ ತುದಿಯನ್ನು ಕಿತ್ತಿತು, ಮತ್ತೆ ಸರಿಪಡಿಸಿದರು. ನನ್ನ ಸೋದರತ್ತೆ ಎಂಬತ್ತೊಂದನೆಯ ವಯಸ್ಸಿನಲ್ಲಿ ಆ ದಾರಿಯ ತುದಿಯಲ್ಲಿ ಕೂತು, ಕಡಲಿಗೆ ಕೈಮುಗಿದು, "ನೀನೇ ಬಂದೆಯೋ, ನಾನೇ ಬಂದೆನೋ" ಎಂದರು. ಇಡೀ ನಗರದಲ್ಲಿ ತೆರಿಗೆ ಹಣ ಇಷ್ಟು ಸರಿಯಾಗಿ ಖರ್ಚಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನೀರು

ಕೆಂಪಕ್ಷರದಲ್ಲಿ ಓದಿಕೊಳ್ಳಿ. ಮರೀನಾದಲ್ಲಿ ಈಜುವುದಕ್ಕೆ, ಮುಳುಗಿ ಏಳುವುದಕ್ಕೆ ನಿಷೇಧವಿದೆ. ಕಾಲು ತೋಯಿಸಿಕೊಳ್ಳಿ, ಪ್ಯಾಂಟು ಮೊಣಕಾಲಿಗೆ ಮಡಚಿ, ಅಲ್ಲಿಗೆ ಮುಗಿಸಿ. ಕೆಳಗಿನ ಸೆಳೆತ ಬಲವಾದದ್ದು, ನೆಲ ಥಟ್ಟನೆ ಇಳಿಜಾರಾಗುತ್ತದೆ. "ನಾನು ಸ್ವರ್ಣಾ ಹೊಳೆಯಲ್ಲಿ ಈಜಿದವನು" ಎಂದು ಹೇಳುವವರಿಗೇ ಈ ಸಾಲು ಮುಖ್ಯವಾಗಿ ಬರೆದದ್ದು. ಕುದುರೆ ಮೇಲೆ ಬರುವ ಪೊಲೀಸರ ಹತ್ತಿರ ನಿಮ್ಮ ಹೊಳೆಯ ಹೆಸರು ನಡೆಯುವುದಿಲ್ಲ.

ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಬಿಳಿಯ ಕಮಾನಿನ ಸ್ಮಾರಕವೊಂದಿದೆ. ಹುಡುಗ ಹುಡುಗಿಯರು ಅದಕ್ಕೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು 1930ರ ಡಿಸೆಂಬರ್ 30ರಂದು ಇತರರ ಜೀವ ಉಳಿಸಲು ಹೋಗಿ ಅಲ್ಲೇ ಮುಳುಗಿ ಸತ್ತ ಶ್ಮಿಟ್ ಎಂಬ ಡೇನಿಷ್ ಯುವಕನದು. ಅವನಿಂದ ಬದುಕುಳಿದ ಹುಡುಗಿ ಅದೇ ಸಂಜೆ ಪಾರ್ಟಿಯೊಂದರಲ್ಲಿ ಏನೂ ಆಗದವಳಂತೆ ಇದ್ದಳು, ಅದನ್ನು ಕಂಡು ಸಿಟ್ಟಿಗೆದ್ದ ಗವರ್ನರ್ ಸ್ಮಾರಕ ಕಟ್ಟಿಸಿದ ಎಂದು ಊರಲ್ಲಿ ಕತೆ ಹೇಳುತ್ತಾರೆ. ಕತೆ ಇದ್ದೀತು. ಕಲ್ಲಿನ ಮೇಲೆ ಅವಳ ಸುದ್ದಿ ಇಲ್ಲ, ಅವನದು ಮಾತ್ರ ಇದೆ.

ಕುಳಿತುಕೊಳ್ಳುವುದು

ಈ ಉಪಕರಣದ ಮುಖ್ಯ ಬಳಕೆ ಇದೇ. ಬಂಧುಗಳಿಗೆ ಅತಿ ಕಷ್ಟವಾಗುವುದೂ ಇದೇ. ಅವರು ಬೀಚನ್ನು "ನೋಡಲು" ಬಂದಿರುತ್ತಾರೆ. ಜೋಗ ನೋಡಿದ ಹಾಗೆ, ಅರಮನೆಯ ದೀಪ ನೋಡಿದ ಹಾಗೆ. ಹತ್ತು ನಿಮಿಷಕ್ಕೆ ನೋಡಿ ಆಗುತ್ತದೆ. ಆಮೇಲೆ "ಮುಂದೇನು?" ಎಂದು ನನ್ನ ಮುಖ ನೋಡುತ್ತಾರೆ.

ಮುಂದೇನೂ ಇಲ್ಲ. ಚೆನ್ನೈಯವರನ್ನು ಗಮನಿಸಿ. ಅವರಲ್ಲಿ ಅರ್ಧದಷ್ಟು ಜನ ಕಡಲಿಗೆ ಬೆನ್ನು ಹಾಕಿ ಕೂತಿರುತ್ತಾರೆ. ದುಂಡಗೆ ಕೂತು ತಮ್ಮತಮ್ಮೊಳಗೆ ಮಾತಾಡುತ್ತಿರುತ್ತಾರೆ; ಕಡಲು ಹಿಂದೆ ತನ್ನ ಪಾಡಿಗಿರುತ್ತದೆ, ಮನೆಯಲ್ಲಿ ಹಿರಿಯರು ಒಂದು ಮೂಲೆಯಲ್ಲಿ ಕೂತಿರುವ ಹಾಗೆ. ಏಕೆ ಬಂದಿರಿ ಎಂದು ಕೇಳಿದರೆ ಒಂದೇ ಶಬ್ದದ ಉತ್ತರ: "ಸುಮ್ಮಾ." ಅದನ್ನು ಅನುವಾದ ಮಾಡಬೇಕಾಗಿಲ್ಲ, ನಮ್ಮ "ಸುಮ್ಮನೆ"ಯೇ. ದಂಡೆಯಲ್ಲಿ ಕಾಲ್ಡ್‌ವೆಲ್ ಪಾದ್ರಿಗಳ ಪ್ರತಿಮೆ ಇದೆ. ತಮಿಳು, ಕನ್ನಡ, ತೆಲುಗು, ಮಲಯಾಳ, ತುಳು ಎಲ್ಲ ಒಂದೇ ಮನೆಯ ಮಕ್ಕಳೆಂದು ತೋರಿಸಿದ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದವರು. ಅವರ ಬುಡದಲ್ಲಿ ಕೂತು ಕಡಲೆ ತಿನ್ನುತ್ತಿದ್ದ ಮುದುಕರೊಬ್ಬರನ್ನು ಭಾವ ಹರಕು ತಮಿಳಿನಲ್ಲಿ "ಇಲ್ಲಿ ಎಂತ ಮಾಡುತ್ತಿದ್ದೀರಿ" ಎಂದು ಕೇಳಿ, "ಸುಮ್ಮಾ" ಎಂಬ ಉತ್ತರ ಪಡೆದು, "ನಾವೂ ಹಾಗೇ" ಎಂದು ಪಕ್ಕದಲ್ಲಿ ಕೂತರು. ಪಾದ್ರಿಗಳಿಗೆ ಇನ್ನೇನು ಬೇಕು?

ಪ್ರತಿಮೆಗಳ ವಿಷಯ ಬಂತು. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ಒಟ್ಟಿಗೇ ಹಲವು ನಿಂತವು: ತಿರುವಳ್ಳುವರ್, ಅವ್ವೈಯಾರ್, ಕಣ್ಣಗಿ, ಭಾರತಿಯಾರ್. ಕಾರ್ಮಿಕರು ಬಂಡೆ ಮೀಟುತ್ತಿರುವುದು ಮಾತ್ರ 1959ರದು, ದೇವಿಪ್ರಸಾದ್ ರಾಯ್ ಚೌಧುರಿಯವರ ಕೈಕೆಲಸ. 1923ರಲ್ಲಿ ಸಿಂಗಾರವೇಲರ್ ದೇಶದ ಮೊದಲ ಮೇ ದಿನ ಆಚರಿಸಿದ್ದು ಇದೇ ದಂಡೆಯಲ್ಲಿ. ಕನ್ನಡಿಗರು ಇಲ್ಲಿ ಸರ್ವಜ್ಞನನ್ನು ಹುಡುಕುತ್ತಾರೆ. ಹುಡುಕಬೇಡಿ. ಹದಿನೆಂಟು ವರ್ಷ ಬಟ್ಟೆ ಸುತ್ತಿಕೊಂಡು ಕಾದ ತಿರುವಳ್ಳುವರ್ 2009ರ ಆಗಸ್ಟ್ 9ರಂದು ಬೆಂಗಳೂರಿನಲ್ಲಿ ಹಲಸೂರು ಕೆರೆಯ ಬಳಿ ಬೆಳಕು ಕಂಡರು. ನಾಲ್ಕು ದಿನ ಬಿಟ್ಟು ಸರ್ವಜ್ಞ ಚೆನ್ನೈಗೆ ಬಂದ. ಆದರೆ ಅವನಿಗೆ ಸಿಕ್ಕಿದ್ದು ಕಡಲಿನಿಂದ ದೂರದ ಅಯನಾವರಂ. ಅವರಿಗೆ ನಾವು ಕೆರೆ ಕೊಟ್ಟೆವು, ಕಡಲಿರುವ ಊರಿನವರು ನಮ್ಮವನಿಗೆ ನೀರು ತೋರಿಸಲಿಲ್ಲ ಎಂದು ಒಬ್ಬ ಚಿಕ್ಕಪ್ಪ ಪ್ರತಿ ಸಲವೂ ದೂರುತ್ತಾರೆ. ಊರೂರು ಅಲೆದವನೆಂದು ಹೆಸರಾದವನಿಗೆ ಅಯನಾವರಂ ಏನು ದೂರ? ಕನ್ನಡದ ಗುರುತು ಬೇಕೇಬೇಕೆಂದರೆ ರಸ್ತೆಯಾಚೆಯ ಮದರಾಸು ವಿಶ್ವವಿದ್ಯಾಲಯದ ಕಡೆ ನೋಡಿ. ಕಿಟ್ಟೆಲ್ಲರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಅಲ್ಲಿಂದ, 1968ರಿಂದ 71ರ ನಡುವೆ. ಕನ್ನಡದ ಅತಿ ದೊಡ್ಡ ಶಬ್ದಕೋಶಗಳಲ್ಲಿ ಒಂದು ಈ ಉಪ್ಪು ಗಾಳಿ ಕುಡಿದು ದೊಡ್ಡದಾಯಿತು.

ಕೂತವರಿಗೆ ತಿನಿಸು ತಾನೇ ನಡೆದು ಬರುತ್ತದೆ. "ತೇಂಗಾ ಮಾಂಗಾ ಪಟ್ಟಾಣಿ ಸುಂಡಲ್" ಎಂದು ಕೂಗುತ್ತಾ ಹುಡುಗ ಬಂದರೆ ಬೆಚ್ಚಬೇಡಿ: ತೆಂಗಿನಕಾಯಿ, ಮಾವಿನಕಾಯಿ, ಬಟಾಣಿ ಉಸ್ಲಿ. ಮೆಣಸಿನಕಾಯಿ ಬಜ್ಜಿಗೆ ಗಾಡಿಯ ಹತ್ತಿರ ಹೋಗಬೇಕು. ಎಣ್ಣೆಯ ವಯಸ್ಸು ವಿಚಾರಿಸುವವರು ಹೋಗಬಾರದು. ಗಿಣಿಶಾಸ್ತ್ರ, ಬಲೂನಿಗೆ ಗುಂಡು ಹೊಡೆಯುವುದು, ಕುದುರೆ ಸವಾರಿ ಎಲ್ಲ ಐಚ್ಛಿಕ. ನನ್ನ ಅಣ್ಣನ ಮಗಳಿಗೆ ಗಿಣಿ ಎತ್ತಿಕೊಟ್ಟ ಚೀಟಿಯಲ್ಲಿ "ನೀರಿನ ಸಮೀಪ ಹೋಗುವ ಯೋಗ" ಬಂದಿತ್ತು. ಕೂತದ್ದೇ ನೀರಿನ ಸಮೀಪ, ಗಿಣಿಗೂ ಸುಲಭವಾಯಿತು.

ಹಳೆಯ ಪಾಠದಲ್ಲಿ ಇದರ ನಂತರ ಡ್ರೈವ್-ಇನ್ ವುಡ್‌ಲ್ಯಾಂಡ್ಸ್‌ನಲ್ಲಿ ಕಾಫಿ ಎಂದು ಹೇಳುತ್ತಿದ್ದೆ. ಕಡಂದಲೆಯಿಂದ ಬರಿಗೈಯಲ್ಲಿ ಬಂದ ಕೃಷ್ಣರಾಯರು ಕಟ್ಟಿದ ಹೋಟೆಲು ಸಾಮ್ರಾಜ್ಯದ್ದು ಅದು, 1962ರಿಂದ. 2008ರಲ್ಲಿ ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ತೋಟವಿದೆ, ಗಿಡಗಳಿಗೆ ಹೆಸರಿನ ಫಲಕಗಳಿವೆ. ಈ ಸಾಲನ್ನು ಅಳಿಸಬೇಕೆಂದು ಹದಿನೈದು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ಗಾಳಿ

ಬೇಸಗೆಯ ಮಧ್ಯಾಹ್ನ ಕಡಲಿನಿಂದ ಗಾಳಿ ಒಳಬರುತ್ತದೆ. ಬೇಗ ಬಂದ ದಿನ ಊರು ಬದುಕುತ್ತದೆ. ಪಡುವಣ ಒಣಗಾಳಿ ಜೋರಾಗಿ ಅದನ್ನು ತಡೆದ ದಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬೆಂಗಳೂರಿನವರು ಟ್ರಾಫಿಕ್ ಬಗ್ಗೆ ಮಾತಾಡುವ ಹಾಗೆ ಇಲ್ಲಿಯವರು ಕಡಲಗಾಳಿಯ ಬಗ್ಗೆ ಮಾತಾಡುತ್ತಾರೆ. "ಕಾಟ್ರು ಬಂತಾ?" ಎಂದು ನೆರೆಯವರು ಕೇಳಿದರೆ ಅದು ಕುಶಲಪ್ರಶ್ನೆ.

ನಡೆಯುವ ದಾರಿಗಳು

ಟ್ರೆಕ್ಕಿಂಗ್ ಶೂ ಹಾಕಿಕೊಂಡು ಬಂದ ತಮ್ಮಂದಿರಿಗೆ ಮೊದಲೇ ಹೇಳಿಬಿಡುತ್ತೇನೆ: ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡ ಹತ್ತಿ ಇಳಿಯುವಂಥ ದಾರಿ ಇಲ್ಲಿಲ್ಲ. ಗುಡ್ಡವೇ ಇಲ್ಲ. ಇರುವುದು ಅಡ್ಯಾರು ನದಿ ಕಡಲು ಸೇರುವ ಅಳಿವೆ, ಅದರ ಸುತ್ತಿನ ಮರ, ಹಕ್ಕಿ, ಕೆಸರು.

ಥಿಯಾಸಾಫಿಕಲ್ ಸೊಸೈಟಿಯ ತೋಟ ಇರುವುದು ಇಲ್ಲಿ. ನ್ಯೂಯಾರ್ಕಿನಲ್ಲಿ 1875ರಲ್ಲಿ ಹುಟ್ಟಿದ ಸಂಘ 1882ರಲ್ಲಿ ಅಡ್ಯಾರಿಗೆ ಬಂದು ನೆಲೆಸಿತು. ಒಳಗೆ ನಡೆದರೆ ನಗರದ ಸದ್ದು ಹಿಂದೆ ಉಳಿಯುತ್ತದೆ. ಆದರೆ ಬಾಗಿಲು ತೆರೆದಿರುವುದು ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಸ್ವಲ್ಪ ಹೊತ್ತು, ಭಾನುವಾರ ಇಲ್ಲ. ಬಂಧುಗಳು ಬರುವುದು ಭಾನುವಾರವೇ ಆದ್ದರಿಂದ ನಮ್ಮ ಮನೆಯ ಅನೇಕರು ಆ ಗೇಟನ್ನು ಚೆನ್ನಾಗಿ ಬಲ್ಲರು. ಒಳಗಿನ ಆಲದ ಮರ ಸುಮಾರು 450 ವರ್ಷದ್ದೆನ್ನುತ್ತಾರೆ. 1989ರ ಬಿರುಗಾಳಿಗೆ ಅದರ ತಾಯಿಕಾಂಡ ಉರುಳಿತು, ಬಿಳಲುಗಳು ಮರವನ್ನು ಮುಂದುವರಿಸಿದವು. ಕೆಂಗೇರಿಯಾಚೆ ರಾಮೋಹಳ್ಳಿಯ ದೊಡ್ಡ ಆಲದ ಮರ ನೋಡಿದವರಿಗೆ ಇದು ಗೊತ್ತಿರುವ ಕತೆ. ಅಲ್ಲಿಯೂ ನಡುವಿನ ಬುಡ ರೋಗ ಬಂದು ಹೋಯಿತು, ಮರ ಸುತ್ತಲೂ ಬದುಕಿದೆ. ಎರಡೂ ಮರಗಳನ್ನು ಕಂಡ ನನ್ನ ದೊಡ್ಡಮ್ಮ ಸುತ್ತ ಒಂದು ಸಲ ನೋಡಿ, "ಹಿರಿಯರಿಲ್ಲದ ಒಟ್ಟುಕುಟುಂಬ" ಎಂದರು.

ಅಳಿವೆಯ ಹತ್ತಿರ ಮುರಿದ ಸೇತುವೆಯೊಂದಿದೆ. ಮೀನುಗಾರರು ನದಿ ದಾಟಲೆಂದು 1967ರಲ್ಲಿ ಕಟ್ಟಿದ್ದು, ಹತ್ತು ವರ್ಷಕ್ಕೆ ನೆರೆಗೆ ಮುರಿಯಿತು. ಯಾರೂ ಕೆಡವಲಿಲ್ಲ, ಯಾರೂ ಸರಿಮಾಡಲಿಲ್ಲ. ಸಿನಿಮಾದವರು ಮಾತ್ರ ಅಲ್ಲಿ ಪ್ರೇಮಿಗಳನ್ನು, ರೌಡಿಗಳನ್ನು ಸರದಿಯಲ್ಲಿ ನಿಲ್ಲಿಸಿದರು. ಅರ್ಧ ಸೇತುವೆಯ ತುದಿಗೆ ಹೋಗಿ ಸೆಲ್ಫಿ ತೆಗೆಯುವ ಆಸೆ ಇರುವವರು ಮೊದಲು ಮೇಲಿನ "ನೀರು" ಎಂಬ ಭಾಗವನ್ನು ಇನ್ನೊಮ್ಮೆ ಓದಿ.

ದಕ್ಷಿಣಕ್ಕೆ ಒಂದು ದಿನ

ಪೂರ್ವ ಕರಾವಳಿ ರಸ್ತೆ ಹಿಡಿದರೆ ಕೋವಳಂ ಸಿಗುತ್ತದೆ. 2021ರಲ್ಲಿ ಅಲ್ಲಿಯ ಕಡಲತೀರಕ್ಕೆ ಸ್ವಚ್ಛ ತೀರವೆಂಬ ಗುರುತಿನ ನೀಲಿ ಬಾವುಟ ಬಂತು. ಕಾಸರಕೋಡು, ಪಡುಬಿದ್ರಿಗಳಿಗೆ 2020ರಲ್ಲೇ ಬಂದಿತ್ತು ಎಂಬುದನ್ನು ಚಾಲಕನಿಗೆ ಒಂದು ಸಲ ಹೇಳಿದರೆ ಸಾಕು. ಮುಟ್ಟುಕಾಡಿನ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯನ್ನು ತಂದು ನಿಲ್ಲಿಸಿದ್ದಾರೆ. ಉತ್ತರ ಕರ್ನಾಟಕದ ಬಂಧುಗಳು ಕಡಲು ಬಿಟ್ಟು ಆ ಕಟ್ಟೆಯ ಮೇಲೆಯೇ ಬುತ್ತಿ ಬಿಚ್ಚುತ್ತಾರೆ.

ಆಮೇಲೆ ಮಹಾಬಲಿಪುರ, ಅಂದರೆ ಮಾಮಲ್ಲಪುರ. ಇಲ್ಲಿ ಕನ್ನಡಿಗರು ಸ್ವಲ್ಪ ಗಂಭೀರವಾಗಿ ನಡೆದುಕೊಳ್ಳಬೇಕು. ಈ ಊರಿಗೆ ಹೆಸರು ಕೊಟ್ಟ ಮಾಮಲ್ಲ ಎಂದರೆ ಪಲ್ಲವ ನರಸಿಂಹವರ್ಮ. 642ರ ಸುಮಾರಿಗೆ ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿಯನ್ನು ಹಿಡಿದು "ವಾತಾಪಿಕೊಂಡ" ಎನಿಸಿಕೊಂಡವನು. ಬಾಗಲಕೋಟೆಯ ಒಬ್ಬ ಮಾವ ಇದನ್ನು ಕೇಳಿ ಟಿಕೆಟ್ ಕೊಳ್ಳಲು ನಿರಾಕರಿಸಿದ್ದರು. ಅವರಿಗೆ ಉಳಿದರ್ಧವನ್ನೂ ಹೇಳಿ ಒಳಗೆ ಕರೆದೊಯ್ಯಬೇಕಾಯಿತು. ಕಡಲ ತಡಿಯ ಗುಡಿಯನ್ನು ಕಟ್ಟಿಸಿದವನು ರಾಜಸಿಂಹ. ಕಂಚಿಯ ಕೈಲಾಸನಾಥ ಕಟ್ಟಿಸಿದವನೂ ಅವನೇ. ನೂರು ವರ್ಷದ ಮೇಲೆ ಸೇಡು ತೀರಿಸಲು ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯ ಕಂಚಿಗೆ ನುಗ್ಗಿದ. ಕೈಲಾಸನಾಥನನ್ನು ಕಂಡ, ಗುಡಿಯ ಸಂಪತ್ತನ್ನು ಮುಟ್ಟದೆ ದೇವರಿಗೇ ಬಿಟ್ಟ, ಹಾಗೆಂದು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಕೊರೆಸಿ ಹಿಂತಿರುಗಿದ. ಅವನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷನ ಶಿಖರದಲ್ಲಿ ಕಂಚಿಯ ಕೈ ಕಾಣುತ್ತದೆ. ಹೀಗಾಗಿ ಪಟ್ಟದಕಲ್ಲು ನೋಡಿದವರಿಗೆ ಈ ಕಡಲ ಗುಡಿಯ ಎದುರು ನಿಂತಾಗ, ಮೊದಲ ಸಲ ಬಂದಿದ್ದರೂ, ಯಾರನ್ನೋ ಗುರುತು ಹಿಡಿದ ಹಾಗಾಗುತ್ತದೆ. ಮಾವ ಅರ್ಧ ತಾಸು ನಿಂತು, "ಹೊಡೆದಾಡಿದ್ದು ರಾಜರು, ಕಲ್ಲು ಕೆತ್ತೋರು ಒಂದೇ ಮಂದಿ ಇದ್ದಂಗೈತಿ" ಎಂದರು. ಆಮೇಲೆ ಟಿಕೆಟ್ಟಿನ ದುಡ್ಡು ತಾವೇ ಕೊಟ್ಟರು.

ಕೃಷ್ಣನ ಬೆಣ್ಣೆಮುದ್ದೆ ಎಂಬ ಬಂಡೆಗೆ ಬೆನ್ನು ಕೊಟ್ಟು ತಡೆದಂತೆ ಫೋಟೋ ತೆಗೆಸುವುದು ಕಡ್ಡಾಯವೇನಲ್ಲ. ಇದುವರೆಗೆ ತಪ್ಪಿಸಿಕೊಂಡವರು ಮಾತ್ರ ಯಾರೂ ಇಲ್ಲ.

ಸಾಮಾನ್ಯ ತೊಂದರೆಗಳು

ಬ್ಯಾಗಿನಿಂದ ಮರಳು ಬರುತ್ತಿದೆ: ಬರುತ್ತದೆ. ಮೂರು ತಿಂಗಳು ಬರುತ್ತದೆ.

ಆಟೋದವರು ಮೀಟರ್ ಹಾಕುವುದಿಲ್ಲ: ಇದು ಕಡಲಿನ ದೋಷವಲ್ಲ.

ಫೋನಿನೊಳಗೆ ಉಪ್ಪುನೀರು ಹೋಗಿದೆ: ಅಕ್ಕಿ ಡಬ್ಬದಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವವರು ಇದ್ದಾರೆ. ನಮ್ಮ ಅಕ್ಕಿ ಡಬ್ಬದಿಂದ ಇದುವರೆಗೆ ಮೂರು ಫೋನು ಹೊರಬಂದಿವೆ, ಒಂದೂ ಮಾತಾಡಿಲ್ಲ. ಅನ್ನ ಮಾತ್ರ ಚೆನ್ನಾಗಿತ್ತು.

ಇದು ಜಗತ್ತಿನ ಎರಡನೇ ಉದ್ದದ ಬೀಚ್ ಹೌದೇ: ಹಾಗೆಂದು ನಿಮಗೆ ಹೇಳುವವರ ಜೊತೆ ವಾದಿಸಬೇಡಿ. ಅಳತೆ ಟೇಪು ತಂದ ಮಾವನೊಬ್ಬನನ್ನು ಬಿಟ್ಟರೆ ಯಾರಿಗೂ ಅದರಿಂದ ಉಪಯೋಗವಿಲ್ಲ.

ರಾತ್ರಿ ಬಳಕೆ

ಇದು ಎಲ್ಲರಿಗೂ ಅಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಈ ದಂಡೆಗೆ ಬರುತ್ತವೆ. 1988ರಲ್ಲಿ ಶುರುವಾದ ವಿದ್ಯಾರ್ಥಿಗಳ ಸಂಘಟನೆಯೊಂದು ಅಂದಿನಿಂದ ರಾತ್ರಿಯೆಲ್ಲ ದಂಡೆಗುಂಟ ನಡೆದು, ಗೂಡು ಹುಡುಕಿ, ಮೊಟ್ಟೆಗಳನ್ನು ಎತ್ತಿ ಬೇಲಿಯೊಳಗಿನ ಮರಳಿನಲ್ಲಿ ಮತ್ತೆ ಹೂಳುತ್ತದೆ. ವಾರದ ಕೊನೆಯಲ್ಲಿ ನಮ್ಮಂಥವರೂ ಜೊತೆಗೆ ಹೋಗಬಹುದು. ನೀಲಾಂಕರೈಯಿಂದ ಬೆಸೆಂಟ್ ನಗರಕ್ಕೆ ಏಳು ಕಿಲೋಮೀಟರ್ ಮರಳು ನಡಿಗೆ, ನಡುರಾತ್ರಿಯ ಹೊತ್ತಿಗೆ ಶುರು.

ನಿಯಮಗಳು: ಟಾರ್ಚ್ ಇಲ್ಲ, ಫ್ಲ್ಯಾಶ್ ಇಲ್ಲ, ಗಲಾಟೆ ಇಲ್ಲ. ಮರಿಗಳು ಮೊಟ್ಟೆಯೊಡೆದು ಬಂದಾಗ ಬೆಳಕಿರುವ ಕಡೆ ಹೋಗುತ್ತವೆ. ಮನುಷ್ಯರಿಲ್ಲದ ಕಾಲದಲ್ಲಿ ರಾತ್ರಿ ಬೆಳಕಿರುತ್ತಿದ್ದುದು ಕಡಲ ಮೇಲೆ. ಈಗ ಬೆಳಕಿರುವುದು ರಸ್ತೆಯ ಮೇಲೆ. ತಾಯಾಮೆ ಕಾಣುತ್ತದೆ ಎಂಬ ಭರವಸೆ ಯಾರೂ ಕೊಡುವುದಿಲ್ಲ. 2025ರ ಜನವರಿಯಲ್ಲಿ ಹೋದವರಿಗೆ ಈ ಕರಾವಳಿಯಲ್ಲಿ ಕಂಡದ್ದು ಹೆಚ್ಚಾಗಿ ಸತ್ತ ಆಮೆಗಳು, ನೂರುಗಟ್ಟಲೆ. ಬಲೆಗೆ ಸಿಕ್ಕರೆ ಅವು ಉಸಿರಿಗೆ ಮೇಲೆ ಬರಲಾರವು.

ಭಾವ ಎರಡನೆಯ ಸಲ ಬಂದದ್ದು ಒಂದು ಫೆಬ್ರವರಿಯಲ್ಲಿ, ಮದುವೆಯೊಂದಕ್ಕೆ. ಸೂರ್ಯನ ವಿಷಯದಲ್ಲಿ ನನ್ನ ಮೇಲೆ ಇನ್ನೂ ಮುನಿಸು ಇತ್ತು. ಕೋಡಿಯಲ್ಲೂ ಈಚೆಗೆ ಆಮೆ ಮೊಟ್ಟೆಯಿಡುತ್ತದೆ, ಇಲ್ಲಿ ಹೇಗೆ ನೋಡೋಣ ಎಂದು ಹೊರಟರು. ಅರುವತ್ತೆರಡರ ಮನುಷ್ಯ, ಬರಿಗಾಲು, ಪಂಚೆ ಮೇಲೆ ಕಟ್ಟಿ, ಕಾಲೇಜು ಹುಡುಗರಿಗಿಂತ ಮುಂದೆ ಮುಂದೆ ನಡೆದರು. ಕತ್ತಲೆಯಲ್ಲಿ ಮರಳಿನ ಮೇಲೆ ಟ್ರ್ಯಾಕ್ಟರ್ ಹೋದಂತೆ ಇದ್ದ ಗೀರನ್ನು ಮೊದಲು ಕಂಡವರೂ ಅವರೇ. ಆಮೆ ಆಗಲೇ ನೀರಿಗೆ ಮರಳಿತ್ತು. ಹುಡುಗಿಯೊಬ್ಬಳು ಕೋಲಿನಿಂದ ಮೆತ್ತಗೆ ಚುಚ್ಚಿ ಗೂಡು ಗುರುತಿಸಿ, ಮೊಳಕೈವರೆಗೆ ಕೈ ಇಳಿಸಿ, ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿದಳು. ನೂರರ ಮೇಲಿದ್ದವು. ಭಾವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಾಯೊಳಗೇ ಎಣಿಸಿದರು, ಕನ್ನಡದಲ್ಲಿ.

ಬೆಸೆಂಟ್ ನಗರ ತಲುಪಿದಾಗ ನಾಲ್ಕು ದಾಟಿತ್ತು. ಮನೆಗೆ ಹೋಗೋಣ ಎಂದೆ. "ಇಷ್ಟ್ ಹೊತ್ತ್ ಆಯ್ತಲೆ" ಎಂದು ಶ್ಮಿಟ್ಟನ ಕಮಾನಿನ ಕಟ್ಟೆ ಮೇಲೆ ಕೂತುಬಿಟ್ಟರು. ನಾನು ತೂಕಡಿಸಿದೆ. ಎಚ್ಚರವಾದಾಗ ಮೀನುದೋಣಿಗಳ ಆಚೆ ನೀರಿನ ಅಂಚು ಕೆಂಪಾಗಿತ್ತು, ಭಾವ ನಿಂತಿದ್ದರು. ಸೂರ್ಯ ಪೂರ್ತಿ ನೀರು ಬಿಟ್ಟು ಮೇಲೆ ಬರುವ ತನಕ ಮಾತಿಲ್ಲ. ಬಂದ ಮೇಲೆ ಜೇಬಿನಿಂದ ಫೋನು ತೆಗೆದು ಕೋಡಿಯಲ್ಲಿದ್ದ ಅಕ್ಕನಿಗೆ ಮಾಡಿದರು. ಅಷ್ಟು ಹೊತ್ತಿಗೆ ಫೋನು ಬಂದದ್ದಕ್ಕೆ ಅಕ್ಕ ಹೆದರಿ ಏನೋ ಕೇಳಿರಬೇಕು.

"ಎಂತ ಇಲ್ಲ. ಇಲ್ಲಿಂದ ಈಗಷ್ಟೇ ಬಿಟ್ಟಿತ್. ಸಂಜಿ ಆರೂವರಿಗೆ ಅಲ್ಲಿಗ್ ಮುಟ್ಟತ್ತ್. ಬೀಚಿಗ್ ಹೋಯಿ ಕಾಣ್."